ಕೋಟೆಗೆ ಕಡಲು ತಂದ ಕಂಪೌಂಡರ್ರು

ಹೆಗ್ಗಡದೇವನಕೋಟೆಯ ಸರ್ಕಾರಿ ಆಸ್ಪತ್ರೆಗೆ ಹೋಗುವವರು ಆಗ ಮದ್ದಿನ ಶೀಷೆಯನ್ನು ಮನೆಯಿಂದಲೇ ತರಬೇಕಿತ್ತು. ಯಾರು ಯಾವ ಶೀಷೆ ಚಾಚಿದರೂ ಕಂಪೌಂಡರ್ರು ಮೊದಲು ಅದನ್ನು ಮೂಗಿಗೆ ಹಿಡಿಯುತ್ತಿದ್ದರು. "ಇದರಲ್ಲಿ ನಿನ್ನೆಯ ಸಾರಾಯಿ ಇನ್ನೂ ಉಂಟು ಮಾರಾಯ. ಇದಕ್ಕೆ ಕೆಮ್ಮಿನ ಮದ್ದು ಹಾಕಿದರೆ ಕೆಮ್ಮು ಕುಣೀಲಿಕ್ಕೆ ಶುರು ಮಾಡ್ತದೆ" ಎನ್ನುತ್ತಾ ತಾವೇ ಬಿಸಿನೀರಿನಲ್ಲಿ ತೊಳೆದು, ಮದ್ದು ತುಂಬಿ, ಉದ್ದನೆಯ ಕಾಗದದ ಪಟ್ಟಿಯೊಂದನ್ನು ಹಲ್ಲುಹಲ್ಲಾಗಿ ಕತ್ತರಿಸಿ ಶೀಷೆಯ ಮೈಗೆ ಅಂಟಿಸುತ್ತಿದ್ದರು. ಒಂದು ಹೊತ್ತಿಗೆ ಒಂದು ಹಲ್ಲಿನಷ್ಟು ಮದ್ದು. ಓದಲು ಬಾರದವರಿಗೂ ಅದು ತಿಳಿಯುತ್ತಿತ್ತು. ಕತ್ತರಿ ಆಡಿಸುವ ಮುಂಚೆ ಶೀಷೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ನೋಡುವರು. ಸಾಲು ಹೊರಗಿನ ಬೇವಿನ ಮರದವರೆಗೆ ಬೆಳೆದಿದ್ದರೂ ಅಷ್ಟೇ. "ಬಿರ್ರನೆ ಕೊಡಿ ಸಾ, ಬಸ್ಸು ಒಂಟೋಯ್ತದೆ" ಎಂದು ಯಾರಾದರೂ ಕೂಗಿದರೆ, "ಬಸ್ಸು ಹೋದರೆ ಇನ್ನೊಂದು ಬರ್ತದೆ. ಅಳತೆ ಹೋದರೆ ನೀನೇ ಹೋಗ್ತಿ" ಎನ್ನುವರು.

ಹೋದ ತಿಂಗಳು ಅವರು ತಮ್ಮ ಊರಿನಲ್ಲಿ ತೀರಿಕೊಂಡರೆಂದು ಸುದ್ದಿ ಬಂತು. ತುಂಬಾ ವಯಸ್ಸಾಗಿತ್ತು. ನನ್ನ ತಂಗಿ ನಿಂಗಮ್ಮ ಸುದ್ದಿ ಹೇಳುತ್ತಾ ಹೇಳುತ್ತಾ ಅತ್ತಳು. ನಾನು ಆಗ ಕೊಟ್ಟಿಗೆ ಗುಡಿಸುತ್ತಿದ್ದೆ. ಗುಡಿಸುತ್ತಲೇ ಇದ್ದೆ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಕೋಟೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನೂ ನಾನು ಕಂಡಿಲ್ಲ. ಕಂಪೌಂಡರ್ರು ಎಂದರೆ ಅವರೊಬ್ಬರೇ. ಮಂಗಳೂರಿನಿಂದಾಚೆ ಕಡಲ ದಂಡೆಯ ಒಂದು ಊರು ಅವರದು. ಅಪ್ಪ ಮೀನು ಹಿಡಿಯುವವರಾಗಿದ್ದರಂತೆ. ಕಂಪೌಂಡರ್ರು ಎತ್ತರದ, ತೆಳ್ಳನೆಯ ಆಳು. ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸಣ್ಣದೊಂದು ಕತ್ತರಿ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದ ಹೆಂಗಸರಿಗೆ "ಹುಡುಗಿ ನೋಡಲಿಕ್ಕೆ ಹೋದಾಗಲೆಲ್ಲ ಇಲ್ಲಿ ಯಾರಿಗಾದರೂ ಜ್ವರ ಬರ್ತದೆ" ಎನ್ನುತ್ತಿದ್ದರು. ಬಂದ ಹೊಸತರಲ್ಲಿ ಮುದ್ದೆಯನ್ನು ಅಗಿದು ಅಗಿದು ದವಡೆ ನೋವು ಬರಿಸಿಕೊಂಡಿದ್ದರು. "ಅಗೀಬ್ಯಾಡಿ ಸಾ, ನುಂಗಿ" ಎಂದು ನನ್ನವ್ವ ಹೇಳಿದ್ದಕ್ಕೆ, "ಅಮ್ಮಾ, ಅಳತೆ ಗೊತ್ತಿಲ್ಲದ್ದನ್ನ ನಾನು ನುಂಗುದಿಲ್ಲ" ಎಂದರು. ಎರಡನೇ ವರ್ಷ ಎರಡು ಮುದ್ದೆ ನುಂಗುತ್ತಿದ್ದರು.

ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಪ್ಪ ಹೋದ ಮೇಲೆ ಎರಡು ಎಮ್ಮೆ, ಒಂದು ಹಸು ನನ್ನ ಪಾಲಿಗೆ ಬಂದವು. ಏಳನೇ ಕ್ಲಾಸು ಪಾಸಾಗಿದ್ದ ತಂಗಿ ನಿಂಗಿ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಒಳರೋಗಿಗಳಿಗೆ ಹಾಲು ಕೊಡುವ ಕೆಲಸ ನನ್ನದಾಯಿತು. ಕಂಪೌಂಡರ್ರಿಗೂ ನನಗೂ ಗುರುತಾದದ್ದು ಹಾಲಿನಿಂದಲೇ, ಅದೂ ಒಳ್ಳೆಯ ರೀತಿಯಲ್ಲಲ್ಲ. ಒಂದು ಬೆಳಿಗ್ಗೆ ಹಸು ಒದ್ದು ಅರ್ಧ ಹಾಲು ಚೆಲ್ಲಿತ್ತು. ಚೆಲ್ಲಿದಷ್ಟನ್ನು ಬಾವಿಯ ನೀರಿನಿಂದ ತುಂಬಿಕೊಂಡು ಹೋದೆ. ಅವರು ಹಾಲಿನ ತೂಕ ನೋಡುವ ಲ್ಯಾಕ್ಟೋಮೀಟರನ್ನು, ಆ ಗಾಜಿನ ಬುರುಡೆ ಕಡ್ಡಿಯನ್ನು, ಹಾಲಿಗೆ ಇಳಿಬಿಟ್ಟರು. ಅದು ನಾಚಿದಂತೆ ಒಳಕ್ಕೆ ಮುಳುಗಿತು. ಮುಂದೆ ಮದ್ದಿನ ಸಾಲು ನಿಂತಿತ್ತು. ಅವರು ಬೈಯಲಿಲ್ಲ. ತಲೆಯೆತ್ತಿ ಎಲ್ಲರಿಗೂ ಕೇಳುವ ಹಾಗೆ, "ಇವತ್ತು ಹಸು ಎಷ್ಟು ಕೊಟ್ಟಿತು, ಬಾವಿ ಎಷ್ಟು ಕೊಟ್ಟಿತು?" ಎಂದರು.

ಸಾಲು ನಕ್ಕಿತು. ಆ ನಗು ಸಂಜೆಯೊಳಗೆ ಬಸ್ಸು ನಿಲ್ಲುವ ಹ್ಯಾಂಡ್‌ಪೋಸ್ಟ್ ಕೂಡುರಸ್ತೆಯನ್ನು ಮುಟ್ಟಿತು. ಅಲ್ಲಿ ಸೈಕಲ್ ಶಾಪ್ ಇಟ್ಟಿದ್ದವನೊಬ್ಬ, ನಮ್ಮ ಊರಿನವನೇ, ನನ್ನ ಜೊತೆಯವನೇ, ಅಂದಿನಿಂದ ನನಗೆ "ಬಾವಿಯಮ್ಮ" ಎಂದು ಹೆಸರಿಟ್ಟ. ಕ್ಯಾನು ಹಿಡಿದು ದಾಟುವಾಗಲೆಲ್ಲ "ಏನ್ ಬಾವಿಯಮ್ಮ, ಬಾವಿ ಈದದಾ? ಗಂಡಾ ಹೆಣ್ಣಾ?" ಎಂದು ಕೂಗುತ್ತಿದ್ದ. ನಾನು ಎಮ್ಮೆಗಳ ಮುಂದೆ ನಿಂತು ಆಣೆ ಮಾಡಿಕೊಂಡೆ: ಸಾಯುವ ತನಕ ಯಾವುದಕ್ಕೂ ಒಂದು ತೊಟ್ಟು ನೀರು ಸೇರಿಸುವುದಿಲ್ಲ.

ಕಂಪೌಂಡರ್ರ ಕ್ವಾರ್ಟರ್ಸಿನ ಜಗಲಿಯಲ್ಲಿ ಒಂದು ಗಾಜಿನ ತೊಟ್ಟಿ ಇತ್ತು. ಎರಡು ಮೊಳ ಉದ್ದ, ಒಂದು ಮೊಳ ಎತ್ತರ, ಕಬ್ಬಿಣದ ಚೌಕಟ್ಟು. ಅದರಲ್ಲಿ ಕಬಿನಿ ಹೊಳೆಯ ನಾಲ್ಕು ಗೆಂಡೆ ಮೀನಿನ ಮರಿಗಳನ್ನು ಬಿಟ್ಟಿದ್ದರು. ಉಣಿಸುವ ಮುಂಚೆ ಬೆರಳಿನ ಉಗುರಿನಿಂದ ಗಾಜನ್ನು ಟಕಟಕ ತಟ್ಟಿ, "ಊಟ ಆಯ್ತಾ?" ಎಂದು ಕೇಳುವರು. ಮೀನು ಮುಂದೆ ಬರುತ್ತಿದ್ದವು. ಇಂಜೆಕ್ಷನ್ನಿಗೆ ಅಳುವ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಅಲ್ಲಿಗೇ ಓಡುತ್ತಿದ್ದರು.

ಆ ತೊಟ್ಟಿಗೆ ಕಡಲು ಬಂದದ್ದು ಒಂದು ಜಗಳದಿಂದ. ಜಗಳ ತೆಗೆದವಳು ನಾನೇ. ನಮ್ಮ ಕಡೆ ಕಡಲ ಮೀನು ಎಂದರೆ ಸಂತೆಯಲ್ಲಿ ಗೋಣಿಯ ಮೇಲೆ ಹರಡಿದ ಒಣಮೀನು. ಅದು ಬದುಕಿದ್ದಾಗ ಹೇಗಿತ್ತು ಎಂದು ಯಾರೂ ಯೋಚಿಸಿದವರಲ್ಲ. ಕಡಲಿನ ನೀರು ಬಾಯಿಗೆ ಇಡಲಾಗದಷ್ಟು ಉಪ್ಪು ಎಂದು ಅವರು ಒಂದು ದಿನ ನಿಂಗಿಗೆ ಹೇಳುತ್ತಿದ್ದರು. ನನಗೆ ಅವರ ಮೇಲಿನ ಹಳೆಯ ಸಿಟ್ಟು ಇದ್ದೇ ಇತ್ತು.

"ಸುಮ್ನಿರಿ ಸಾ. ಉಪ್ಪಲ್ಲಿ ಮೀನು ಬದುಕೋದಾದ್ರೆ ನಮ್ಮವ್ವನ ಉಪ್ಪಿನಕಾಯಿ ಗಡಿಗೇಲೂ ಬದುಕಬೇಕು" ಎಂದೆ.

"ಕಡಲಲ್ಲಿ ಮೀನು ಬದುಕುದಿಲ್ಲ ಅಂತೀಯಾ?"

"ಸತ್ತ ಮೇಲೆ ಉಪ್ಪಾಕ್ತಾರೆ ಸಾ. ಅದು ನಂಗೊತ್ತು."

ಅವರು ಎಷ್ಟು ಹೊತ್ತು ನಕ್ಕರೆಂದರೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ತೊಟ್ಟಿಯ ಮುಂದೆ ಹೋಗಿ ಕುಕ್ಕರುಗಾಲಿನಲ್ಲಿ ಕೂತರು. ಹತ್ತು ವರ್ಷದಿಂದ ಈ ಸೀಮೆಯಲ್ಲಿದ್ದೂ ತನ್ನ ಊರು ಹೇಗಿದೆ ಎಂದು ಯಾರಿಗೂ ತೋರಿಸಿಲ್ಲವಲ್ಲ ಎಂದು ಆ ಹೊತ್ತು ಅನ್ನಿಸಿತು ಎಂದು ಆಮೇಲೆ ನಿಂಗಿಗೆ ಹೇಳಿದರಂತೆ.

ಮಾರನೆಯ ದಿನವೇ ಗೆಂಡೆಗಳನ್ನು ಆಸ್ಪತ್ರೆಯ ಬಾವಿಗೆ ಬಿಟ್ಟರು. ಹಳೆಯ ಮರಳು, ಪಾಚಿ ಎಲ್ಲ ಹೊರಕ್ಕೆ ಹೋಯಿತು. ತೊಟ್ಟಿಯನ್ನು ಬರೀ ಬಿಸಿನೀರಿನಲ್ಲಿ ಮೂರು ಸಲ ತೊಳೆಸಿದರು. ಸೋಪಿನ ಚೂರು ಹಿಡಿದು ಬಂದ ನನಗೆ "ಮುಟ್ಟಿದರೆ ಕೈಗೆ ಪಟ್ಟಿ ಹಾಕ್ತೇನೆ" ಎಂದು ಗದರಿದರು. ಕಬ್ಬಿಣವನ್ನು ಉಪ್ಪು ತಿನ್ನುತ್ತದೆ, ತುಕ್ಕು ಇಳಿದರೆ ಮೀನಿಗೆ ವಿಷ. ಅದಕ್ಕಾಗಿ ಕಾಡಿನೊಳಗಿನ ಹಾಡಿಯ ಕುರುಬರಿಂದ ಜೇನುಮೇಣ ತರಿಸಿ, ಕರಗಿಸಿ, ಚೌಕಟ್ಟಿನ ಒಳಮೈಗೆಲ್ಲ ಕೋಳಿಗರಿಯಲ್ಲಿ ಬಳಿದರು. ನಾಲ್ಕು ದಿನ ಕ್ವಾರ್ಟರ್ಸಿನ ಸುತ್ತ ಜೇನುಹುಳ ಹಾರಾಡಿದವು.

ನೀರು ಬಂದದ್ದು ಮಾನಂದವಾಡಿ ದಾಟಿ ಕೇರಳದ ಕಡಲ ಕಡೆಗೆ ಹೋಗುವ ಮರದ ಲಾರಿಯಲ್ಲಿ. ತಗಡಿನ ಡಬ್ಬ ಆಗದು ಎಂದು ಬೆತ್ತದ ಬುಟ್ಟಿಯಲ್ಲಿ ಕೂರಿಸಿದ ದೊಡ್ಡ ಗಾಜಿನ ಜಾಡಿಗಳನ್ನು ಕಳಿಸಿದರು. ಡ್ರೈವರ್ ವಾಪಸು ಬಂದವನೇ ಹಣೆ ಚಚ್ಚಿಕೊಂಡ. ಗಡಿಯಲ್ಲಿ ಸಾರಾಯಿ ಎಂದು ಅನುಮಾನಪಟ್ಟು ತಪಾಸಣೆಯವರೊಬ್ಬರು ಒಂದು ಗುಟುಕು ಕುಡಿದೇಬಿಟ್ಟರಂತೆ. "ಅವ್ರು ಉಗಿದಿದ್ದು ನನ್ ಮಕದ್ ಮ್ಯಾಕೆ ಸಾ" ಎಂದ. ಜಾಡಿಗಳ ಬಾಯಿಗೆ ಬಟ್ಟೆ ಕಟ್ಟಿ ಎರಡು ವಾರ ಕತ್ತಲ ಕೋಣೆಯಲ್ಲಿ ಇಟ್ಟು, ತಿಳಿಯಾದ ಮೇಲೆ ಹತ್ತಿಯಲ್ಲಿ ಸೋಸಿ ತುಂಬಿದರು. ಒಂದು ಜಾಡಿ ತುಂಬ ಕಡಲ ನೀರನ್ನು ಮಾತ್ರ, ಮುಂದೆ ಬೇಕಾದೀತೆಂದು, ಹಾಗೇ ಉಳಿಸಿಕೊಂಡರು. ಮೀನಿಗೆ ಗಾಳಿ ಬೇಕು. ಸೈಕಲ್ ಶಾಪಿನವನಿಂದ ಲಾರಿಯ ಹಳೆಯ ಟ್ಯೂಬು ತರಿಸಿ, ಗಾಳಿ ತುಂಬಿಸಿ, ಗ್ಲೂಕೋಸು ಏರಿಸುವ ರಬ್ಬರ್ ಕೊಳವೆಯನ್ನು ಅದಕ್ಕೆ ಸಿಕ್ಕಿಸಿ, ಕೊಳವೆಗೆ ಚಿಮಟ ಹಾಕಿದರು. ತೊಟ್ಟಿಯ ತಳದಿಂದ ಒಂದೊಂದೇ ಗುಳ್ಳೆ ಏಳತೊಡಗಿತು. ನಾವೆಲ್ಲ ಅದನ್ನೇ ನೋಡುತ್ತಾ ನಿಂತೆವು, ಮೀನು ಇನ್ನೂ ಬಂದೇ ಇರಲಿಲ್ಲ.

ಆಮೇಲೆ ಅದೇ ಲಾರಿಯಲ್ಲಿ, ಅಂಥದೇ ಒಂದು ಜಾಡಿಯಲ್ಲಿ, ಮೀನು ಬಂದವು. ಹೆಬ್ಬೆರಳಿನಷ್ಟು ಉದ್ದ, ಹಳದಿ ಮೈ, ಮೈಮೇಲೆ ಅಡ್ಡಡ್ಡ ಕಪ್ಪು ಪಟ್ಟೆ. ಮೂರು ಇದ್ದವು. ಜೊತೆಗೆ ಶಂಖವನ್ನು ಬೆನ್ನಿಗೆ ಹೊತ್ತು ನಡೆಯುವ ಒಂದು ಏಡಿ. ಜಾಡಿಯ ನೀರಿಗೆ ತೊಟ್ಟಿಯ ನೀರನ್ನು ಚಮಚ ಚಮಚವಾಗಿ ಬೆರೆಸುತ್ತಾ ಅವರು ಒಂದು ಗಂಟೆ ಕೂತರು. ಬಿಟ್ಟ ಮೇಲೆ ಮೀನು ತೊಟ್ಟಿಯನ್ನು ಒಂದು ಸುತ್ತು ಹಾಕಿ ಗಾಜಿನ ಹತ್ತಿರ ಬಂದು ನನ್ನನ್ನೇ ನೋಡಿದವು.

"ಏನು ಹಾಲಿನಮ್ಮಾ, ಉಪ್ಪಿನಕಾಯಿ ಹೇಗುಂಟು?" ಎಂದರು.

ಮೀನು ನೋಡಲು ಜನ ಬಂದರು. ಪಿರಿಯಾಪಟ್ಟಣದಿಂದಲೂ ಒಂದು ಮದುವೆ ದಿಬ್ಬಣ ಬಸ್ಸು ಇಳಿದು ನೋಡಿಕೊಂಡು ಹೋಯಿತು. ನನಗೆ ನೆನಪಿರುವುದು ಹಾಡಿಯಿಂದ ಜ್ವರದ ಮೊಮ್ಮಗಳನ್ನು ಕರೆತಂದ ಒಬ್ಬ ಅಜ್ಜಿ. ಬೆರಳು ಅದ್ದಿ ನೆಕ್ಕಿ, ಥೂ ಎಂದು ಉಗಿದು, ಕಂಪೌಂಡರ್ರ ಕಡೆ ತಿರುಗಿ, "ಇಷ್ಟೊಂದು ಉಪ್ಪಾ! ನಾವು ಒಂದು ಇಡಿ ಉಪ್ಪಿಗೆ ಕಾಡಿಂದ ಸಂತೆಗಂಟ ನಡಕಂಡ್ ಬತ್ತೀವಿ. ನೀನು ಅಷ್ಟೂ ಉಪ್ಪ ಮೀನಿನ್ ನೀರಿಗೆ ಸುರ್ದಿದ್ದೀಯಲ್ಲ" ಎಂದು ಬೈದಳು. ಅವರು ಎರಡೂ ಕೈ ಜೋಡಿಸಿ "ತಪ್ಪಾಯಿತು ಅಜ್ಜಿ" ಎಂದರು. ಹೋಗುವಾಗ ಅವಳ ಮಡಿಲಿಗೆ ಮದ್ದಿನ ಶೀಷೆಯ ಜೊತೆ ಒಂದು ಪೊಟ್ಟಣ ಕಲ್ಲುಪ್ಪು ಹಾಕಿದರು. ಹಾಡಿಯವರು ಸಾಲಿನ ಕೊನೆಯಲ್ಲಿ ಅಂಜಿ ನಿಂತರೆ ಅವರನ್ನು ಮುಂದಕ್ಕೆ ಕರೆಯುವುದು ಕಂಪೌಂಡರ್ರ ವಾಡಿಕೆ. ಯಾರಾದರೂ ಗೊಣಗಿದರೆ ಕತ್ತರಿ ಕೆಳಗಿಟ್ಟುಬಿಡುತ್ತಿದ್ದರು. ಗೊಣಗು ನಿಲ್ಲುವ ತನಕ ಎತ್ತುತ್ತಿರಲಿಲ್ಲ.

ಕಡಲಿನ ಅಳತೆಗೂ ಅವರು ಹಾಲಿನ ಲ್ಯಾಕ್ಟೋಮೀಟರನ್ನೇ ಇಟ್ಟುಕೊಂಡರು. ತೊಟ್ಟಿಗೆ ಬಿಟ್ಟರೆ ಅದು ಇಪ್ಪತ್ತೈದರಲ್ಲಿ ನಿಲ್ಲುತ್ತಿತ್ತು. "ವಸಿ ನೀರು ಸೇರಿಸಿದ ಹಾಲಿನಷ್ಟು ತೂಕ ಅಂದುಕೊಳ್ಳಿ" ಎಂದು ಸ್ವಲ್ಪ ಎನ್ನುವುದಕ್ಕೆ ನಮ್ಮ 'ವಸಿ'ಯನ್ನು ಕಲಿತು ಹೇಳುತ್ತಿದ್ದರು. ನಿಂಗಿಗೆ ಅವರು ಕಲಿಸಿದ ಪಾಠವನ್ನು ನಾನು ಕ್ಯಾನು ತೊಳೆಯುತ್ತಾ ಕೇಳಿಸಿಕೊಂಡಿದ್ದೆ. "ಬಿಸಿಲಿಗೆ ಆರಿ ಹೋಗುದು ನೀರು ಮಾತ್ರ. ಉಪ್ಪು ಎಲ್ಲಿಗೂ ಹೋಗುದಿಲ್ಲ. ಹಾಗಾಗಿ ತೊಟ್ಟಿಗೆ ಎಳೆದ ಈ ಗೆರೆಯಿಂದ ನೀರು ಇಳಿದರೆ ಕಾಯಿಸಿ ಆರಿಸಿದ ಸಿಹಿನೀರು ಹಾಕಬೇಕು, ಕಡಲ ನೀರಲ್ಲ. ರೋಗಿಯ ಮೈಯೂ ಹೀಗೇ. ಮೈಯಿಂದ ಎಂತ ಹೋಯ್ತು ಅಂತ ಮೊದಲು ತಿಳಿ. ಹೋದದ್ದನ್ನೇ ವಾಪಸು ಕೊಡು." ಕೇಳಿಸಿಕೊಂಡಿದ್ದೆ, ಕಿವಿಯೊಳಗೆ ಇಳಿಸಿಕೊಂಡಿರಲಿಲ್ಲ.

ಆ ವರ್ಷ ಮೈಸೂರಿನಲ್ಲಿ ದಾದಿ ತರಬೇತಿಗೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿದ್ದರು. ಏಳನೇ ಕ್ಲಾಸು ಸಾಕಿತ್ತು, ಆದರೆ ಅರ್ಜಿಯ ಜೊತೆ, ಹುಡುಗಿ ಜಾಗ್ರತೆಯವಳು ಎಂದು ಆಸ್ಪತ್ರೆಯವರೊಬ್ಬರ ಕಾಗದ ಬೇಕಿತ್ತು. ನಿಂಗಿಗೆ ಅದೊಂದೇ ಆಸೆ. ಅವಳಿಗೆ ಬಂದ ಎರಡು ಗಂಡುಗಳನ್ನು ಅವ್ವ ಅದಕ್ಕಾಗಿಯೇ ತಡೆದಿದ್ದಳು. ಕಂಪೌಂಡರ್ರು "ನಾನು ಬರೀತೇನೆ" ಎಂದಿದ್ದರು. ಅಷ್ಟರಲ್ಲಿ ಅವರ ತಾಯಿಗೆ ಕಾಯಿಲೆ ಎಂದು ಮೂರು ವಾರ ರಜೆ ಹಾಕಿ ಊರಿಗೆ ಹೊರಟರು. ಕ್ವಾರ್ಟರ್ಸಿನ ಬೀಗದ ಕೈ ನಿಂಗಿಗೆ ಕೊಟ್ಟು, "ಈ ಕಡಲನ್ನ ನೋಡಿಕೋ. ಬಂದ ದಿನವೇ ಕಾಗದ ಬರೀತೇನೆ" ಎಂದರು.

ಅವರು ಹೋದ ನಾಲ್ಕನೇ ದಿನ ನಿಂಗಿಯನ್ನು ಸಿಡುಬಿನ ಲಸಿಕೆ ಕ್ಯಾಂಪಿಗೆ ಕಾಡಂಚಿನ ಊರುಗಳಿಗೆ ಕಳಿಸಿದರು. ಎರಡು ವಾರದ ಕೆಲಸ. ಅವಳು ಬೀಗದ ಕೈ ನನಗೆ ಕೊಟ್ಟಳು. "ಅಕ್ಕ, ದಿನಾ ಈ ಗೆರೆವರೆಗೆ ಗಡಿಗೇಲಿ ಕಾಯ್ಸಿ ಆರ್ಸಿಟ್ಟಿರೋ ನೀರು ಉಯ್ಯಿ. ಆ ಕಡಲ್ ಜಾಡಿ ಮಾತ್ರ ಮುಟ್ಬ್ಯಾಡ. ಟ್ಯೂಬಿಗೆ ಗಾಳಿ ಒಡೆಯಾಕೆ ಸೈಕಲ್ ಶಾಪ್ನೋನು ಬತ್ತಾನೆ."

ಎರಡು ದಿನ ಹಾಗೇ ಮಾಡಿದೆ. ಮೂರನೇ ದಿನ ಜಗಲಿಯಲ್ಲಿ ನಾಲ್ಕೈದು ಜನ ಮೀನು ನೋಡುತ್ತಿದ್ದರು. ಪಂಪು ಹಿಡಿದು ಸೈಕಲ್ ಶಾಪಿನವನೂ ಬಂದಿದ್ದ. ನಾನು ಚೊಂಬಿನಿಂದ ನೀರು ಹುಯ್ಯುತ್ತಿದ್ದಂತೆ ಅವನು ಪಂಪು ಬಿಟ್ಟು ಚಪ್ಪಾಳೆ ತಟ್ಟಿದ.

"ನೋಡ್ರಲಾ, ನೋಡ್ರಲಾ! ಬಾವಿಯಮ್ಮ ಕಡಲಿಗೂ ನೀರ್ ಬೆರುಸ್ತಾವ್ಳೆ!"

ಅಲ್ಲಿದ್ದವರು ಗೋಡೆ ಹಿಡಿದುಕೊಂಡು ನಕ್ಕರು. ನನ್ನ ಕೈಯ ಚೊಂಬು ಅರ್ಧಕ್ಕೇ ನಿಂತಿತು. ಉಳಿದ ನೀರನ್ನು ಅಂಗಳಕ್ಕೆ ಎಸೆದೆ.

ಮಾರನೆಯ ದಿನದಿಂದ ಗಡಿಗೆ ಮುಟ್ಟಲಿಲ್ಲ. ಗೆರೆಯಿಂದ ಇಳಿದಷ್ಟನ್ನೂ ಕಡಲ ಜಾಡಿಯಿಂದಲೇ ತುಂಬಿದೆ. ಹಾಲಿಗೆ ಹಾಲು ಸೇರಿಸಿದರೆ ಯಾರು ಕಳ್ಳಿ ಎನ್ನುತ್ತಾರೆ? ಬೇಸಿಗೆ ಬಿಸಿಲು ಜಗಲಿಗೆ ನೇರ ಬೀಳುತ್ತಿತ್ತು, ದಿನಾ ಅಷ್ಟು ಅಷ್ಟು ನೀರು ಆರುತ್ತಿತ್ತು, ದಿನಾ ಅಷ್ಟು ಅಷ್ಟು ಕಡಲು ಹಾಕಿದೆ. ಲ್ಯಾಕ್ಟೋಮೀಟರ್ ಬಿಟ್ಟು ನೋಡಿದರೆ ಇಪ್ಪತ್ತಾರು, ಇಪ್ಪತ್ತೆಂಟು, ಮೂವತ್ತು ಎಂದು ಮೇಲೇಳುತ್ತಿತ್ತು. ಹಾಲು ಮಾರುವವಳಿಗೆ ಅದು ಮೇಲೆದ್ದಷ್ಟೂ ಮಾನ. ನನಗೆ ಎದೆಯುಬ್ಬಿತು. ಸೈಕಲ್ ಶಾಪಿನವನನ್ನು ಕರೆದು, "ಬಾ ಇಲ್ಲಿ ನೋಡ್ಲಾ. ನನ್ ಎಮ್ಮೆ ಹಾಲ್ ನಿಂತಂಗೆ ನಿಂತದೆ" ಎಂದು ತೋರಿಸಿದೆ. "ಆಗ್ಲಿ ಬುಡವ್ವ, ಗಟ್ಟಿ ಕಡಲು" ಎಂದ ಅವನು.

ಜಾಡಿ ಖಾಲಿಯಾಗುವ ಹೊತ್ತಿಗೆ ಮೀನು ಮೂಲೆಗೆ ಸೇರಿ ಬಾಯಿ ಬಾಯಿ ಬಿಡುತ್ತಿದ್ದವು. ಹಸಿವು ಎಂದುಕೊಂಡು ಎರಡು ಚಿಟಿಕೆ ತಿನಿಸು ಹೆಚ್ಚು ಹಾಕಿದೆ. ನಿಂಗಿ ಕ್ಯಾಂಪಿನಿಂದ ಬಂದ ಬೆಳಿಗ್ಗೆ ಮೂರೂ ಮಗ್ಗುಲಾಗಿ ತೇಲುತ್ತಿದ್ದವು. ಏಡಿಯೊಂದೇ ಶಂಖದೊಳಗೆ ಸೇರಿಕೊಂಡು ಬದುಕಿತ್ತು.

ಅವಳು ತೊಟ್ಟಿ ನೋಡಿದಳು, ಜಾಡಿ ನೋಡಿದಳು. "ಅಕ್ಕ, ಏನ್ ಹಾಕ್ದೆ?"

"ಕಡಲ್ನೇ ಹಾಕ್ದೆ ಕಣೆ. ಒಂದ್ ತೊಟ್ಟು ನೀರು ಸೋಕಿಸಿಲ್ಲ."

ನಿಂಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನೀನೇನೂ ಯೋಳ್ಬ್ಯಾಡ. ನಾನು ನೋಡ್ಕತೀನಿ" ಎಂದಳು.

ಎರಡು ದಿನಕ್ಕೆ ಕಂಪೌಂಡರ್ರು ಬಂದರು. ಚೀಲ ಕೆಳಗಿಡುವ ಮೊದಲೇ ಉಗುರಿನಿಂದ ಗಾಜು ತಟ್ಟಿದರು. ಏನೂ ಮುಂದೆ ಬರಲಿಲ್ಲ. ಲ್ಯಾಕ್ಟೋಮೀಟರ್ ಬಿಟ್ಟು ನೋಡಿ "ಮೂವತ್ತೊಂದು" ಎಂದು ತಮಗೇ ಹೇಳಿಕೊಂಡರು.

"ನಂದೇ ತಪ್ಪು ಸಾ. ನೀರು ಹಾಕೋದ ಮರ್ತುಬುಟ್ಟೆ" ಎಂದಳು ನಿಂಗಿ. ನಾನು ಅವಳ ಹಿಂದೆ ಹಾಲಿನ ಕ್ಯಾನು ಹಿಡಿದು ನಿಂತಿದ್ದೆ.

"ಮರೆಯುವವಳು ಅಂತ ನಾನು ತಿಳಿದಿರಲಿಲ್ಲ" ಎಂದರು. ಧ್ವನಿ ಏರಿಸಲಿಲ್ಲ. "ಜಾಗ್ರತೆ ಅಂತ ನಾನು ಬರೀಬೇಕು ಮಗೂ. ಸುಳ್ಳು ಬರೆದು ನಿನ್ನನ್ನ ರೋಗಿಗಳ ಹತ್ತಿರ ಕಳಿಸಲಿಕ್ಕೆ ನನಗೆ ಆಗುದಿಲ್ಲ."

ನಿಂಗಿ ತಲೆಯಾಡಿಸಿ ವಾರ್ಡಿಗೆ ಹೋದಳು. ಇಲ್ಲಿಯವರೆಗೆ ನಡೆದದ್ದು ನಿಂಗಿಗೂ ಗೊತ್ತು. ಮುಂದಿನದು ಅವಳಿಗೆ ಗೊತ್ತಿಲ್ಲ.

ಮಾರನೆಯ ಬೆಳಿಗ್ಗೆ ಹಾಲು ಅಳೆಯುವಾಗ ಜಗಲಿಯಲ್ಲಿ ನಾವಿಬ್ಬರೇ ಇದ್ದೆವು. "ನಿಂಗಮ್ಮ ಕ್ಯಾಂಪಿಗೆ ಹೋಗಿದ್ದಳಂತೆ. ಆಗ ತೊಟ್ಟಿ ನೋಡಿದ್ದು ಯಾರು? ಆ ಜಾಡಿ ಖಾಲಿ ಮಾಡಿದ್ದು ಯಾರು?" ಎಂದು ಕೇಳಿದರು. ಅಷ್ಟು ಮೆತ್ತಗೆ ಅವರು ನನ್ನನ್ನು ಯಾವತ್ತೂ ಕೇಳಿರಲಿಲ್ಲ. ಹೇಳಿಬಿಡಬಹುದಿತ್ತು. ನನ್ನ ಕಣ್ಣ ಮುಂದೆ ಆ ಮದ್ದಿನ ಸಾಲು, ಆ ನಗು ಬಂದವು.

"ಅವಳೇ ಸಾ. ಓಗೋಕೆ ಮುಂಚೆ ಜಾಡೀಲಿರೋದನ್ನೆಲ್ಲ ಅವಳೇ ಸುರುದ್ಲು. ನನ್ ಕೈಗೆ ಏನೂ ಬುಟ್ಟಿರ್ನಿಲ್ಲ" ಎಂದೆ.

ತಂಗಿ ನನ್ನ ತಪ್ಪನ್ನು ಹೊತ್ತದ್ದು ಸಾಲದೆಂದು, ಆ ತಪ್ಪನ್ನು ನನ್ನ ಕೈಯಾರೆ ಅವಳ ತಲೆಯ ಮೇಲೆ ಇಟ್ಟೆ.

"ಹೌದಾ" ಎಂದರು. ಆ ದಿನ ಹಾಲಿಗೆ ಲ್ಯಾಕ್ಟೋಮೀಟರ್ ಹಾಕದೆ ಒಳಕ್ಕೆ ತೆಗೆದುಕೊಂಡು ಹೋದರು.

ಅರ್ಜಿ ಮೈಸೂರು ಮುಟ್ಟಲು ಆರು ದಿನ ಉಳಿದಿತ್ತು. ನಿಂಗಿ ಮನೆಯಲ್ಲಿ ಎಂದಿನಂತೆ ಉಂಡಳು, ಎಂದಿನಂತೆ ಕಸ ಗುಡಿಸಿದಳು. ಮೈಸೂರಿಗೆಂದು ಟ್ರಂಕಿಗೆ ಹಾಕಿದ್ದ ಎರಡು ಸೀರೆಗಳನ್ನು ಮಾತ್ರ ತೆಗೆದು ತಂತಿಯ ಮೇಲೆ ಮಡಚಿ ಹಾಕಿದಳು. ಆ ಸೀರೆಗಳನ್ನು ನೋಡಿಕೊಂಡು ನಾನು ಐದು ದಿನ ಸುಮ್ಮನಿದ್ದೆ. ಇದನ್ನು ಬರೆಯುವುದು ಸುಲಭವಲ್ಲ, ಆದರೆ ಐದು ದಿನ ಎಂದೇ ಬರೆಯಬೇಕು.

ಐದನೇ ದಿನ ಕಂಪೌಂಡರ್ರು ನನ್ನನ್ನು ಔಷಧಿ ಕೋಣೆಗೆ ಕರೆದು ಒಂದು ಲಕೋಟೆ ಕೊಟ್ಟರು. "ಹ್ಯಾಂಡ್‌ಪೋಸ್ಟಿನ ಟಪಾಲು ಡಬ್ಬಕ್ಕೆ ಹಾಕು. ಮಧ್ಯಾಹ್ನದ ಬಸ್ಸಿಗೆ ಹೋಗ್ತದೆ. ಬಾಯಿ ಅಂಟಿಸಲಿಲ್ಲ. ನನ್ನ ಹತ್ತಿರ ಅಂಟು ಮುಗಿದಿದೆ." ದಿನಕ್ಕೆ ಅಷ್ಟೊಂದು ಪಟ್ಟಿ ಅಂಟಿಸುವ ಮನುಷ್ಯನ ಹತ್ತಿರ ಅಂಟು ಮುಗಿದಿದೆ ಎಂದಾಗಲೇ ನನಗೆ ತಿಳಿಯಬೇಕಿತ್ತು.

ದಾರಿಯಲ್ಲಿ ಹುಣಸೆ ಮರದ ಬುಡದಲ್ಲಿ ಕೂತು ತೆಗೆದೆ. ನಿಂಗಿಯ ಅರ್ಜಿಯ ಜೊತೆ ಅವರ ಕಾಗದ ಇತ್ತು. ನನಗೆ ಆಗ ಒಂದೊಂದೇ ಅಕ್ಷರ ಕೂಡಿಸಿ ಓದಬೇಕಿತ್ತು. ದುಂಡಗೆ, ಬಿಡಿಬಿಡಿಯಾಗಿ ಬರೆದಿದ್ದರು. ಅಷ್ಟು ಹೊತ್ತು ತೆಗೆದುಕೊಂಡು ಓದಿದ ಮಾತು ಮರೆಯುವುದಿಲ್ಲ: "ಅಳತೆಯಲ್ಲಿ ಈಕೆಯ ಕೈ ತಪ್ಪಿದ್ದನ್ನು ನಾನು ಕಂಡಿಲ್ಲ. ಈಚೆಗೆ ಬೇರೊಬ್ಬರಿಂದ ಆದ ಒಂದು ತಪ್ಪನ್ನು, ಅವರು ಜನರೆದುರು ತಲೆ ತಗ್ಗಿಸಬಾರದೆಂದು ಈಕೆ ತನ್ನ ಮೇಲೆ ಹಾಕಿಕೊಂಡಳು. ರೋಗಿಯ ಮಾನ ಕಾಯುವುದೂ ದಾದಿಯ ಕೆಲಸ ಆದ್ದರಿಂದ ಇದನ್ನು ತಿಳಿಸುತ್ತಿದ್ದೇನೆ."

ಬೇರೊಬ್ಬರು ಎಂದಷ್ಟೇ ಇತ್ತು. ಹೆಸರಿರಲಿಲ್ಲ. 'ಗಟ್ಟಿ ಕಡಲಿನ' ಕಥೆಯನ್ನು ಸೈಕಲ್ ಶಾಪಿನವನು ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಹೋದಾಗ ನಗುತ್ತಾ ಹೇಳಿದ್ದನಂತೆ. ಅದು ನನಗೆ ತಿಳಿದದ್ದು ಆಮೇಲೆ.

ಹ್ಯಾಂಡ್‌ಪೋಸ್ಟಿನ ಟಪಾಲು ಡಬ್ಬದ ಮುಂದೆ ನಿಂತಾಗ ನನ್ನ ತಲೆಯಲ್ಲಿ ಏನೇನು ಬಂತು ಎಂದು ಮುಚ್ಚಿಡುವುದಿಲ್ಲ. ಈ ಕಾಗದ ಹೋಗದಿದ್ದರೆ ನನ್ನ ಸುಳ್ಳು ಬರಹಕ್ಕೆ ಇಳಿಯದೆ ಉಳಿಯುತ್ತದೆ. ಯಾರೂ ಕೇಳುವುದಿಲ್ಲ, ಕಳೆದುಹೋಯಿತು ಎನ್ನಬಹುದು. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ನಿಂಗಿಯ ಬದುಕನ್ನು ತಂದು ನನ್ನ ಕೈಯಲ್ಲೇ ಇಟ್ಟಿದ್ದರು.

"ಏನ್ ಬಾವಿಯಮ್ಮ, ಟಪಾಲ್ ಡಬ್ಬಕ್ಕೂ ನೀರ್ ಉಯ್ಯಾಕ್ ಬಂದ್ಯಾ?" ಎಂದು ರಸ್ತೆಯಾಚೆಯಿಂದ ಸೈಕಲ್ ಶಾಪಿನವನು ಕೂಗಿದ. ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು.

ನಾನು ರಸ್ತೆ ದಾಟಿ ನೇರ ಅವನ ಅಂಗಡಿಗೆ ಹೋದೆ. "ಉಯ್ದಿದ್ರೆ ಮೀನು ಬದುಕ್ತಿದ್ವು ಕಣ್ಲಾ. ಉಯ್ಯದೆ ಸಾಯಿಸ್ದೋಳು ನಾನು. ವಸಿ ಪಂಚರ್ ಸಲ್ಯೂಷನ್ ಕೊಡು, ಇದ ಅಂಟುಸ್ಬೇಕು" ಎಂದೆ.

ಅವನು ಕೈ ಒರೆಸಿಕೊಂಡು ಎದ್ದ. ಸಲ್ಯೂಷನ್ನಿನ ಟ್ಯೂಬು ಕೊಟ್ಟ. ಬೆರಳಿನಲ್ಲಿ ಬಳಿದು, ಅವನ ಸುತ್ತಿಗೆಯನ್ನೇ ಮೇಲೆ ಇಟ್ಟು ಒತ್ತಿದೆ. ಆ ಲಕೋಟೆ ರಬ್ಬರಿನ ವಾಸನೆ ಹೊಡೆಯುತ್ತಾ ಮೈಸೂರಿಗೆ ಹೋಯಿತು.

ಮಾರನೆಯ ಬೆಳಿಗ್ಗೆ ಹಾಲು ತೆಗೆದುಕೊಳ್ಳುತ್ತಾ, "ಹೋಯ್ತಾ?" ಎಂದರು.

"ಓಯ್ತು ಸಾ."

"ಎಂತದರಲ್ಲಿ ಅಂಟಿಸಿದ್ದು?"

"ಪಂಚರ್ ಸಲ್ಯೂಷನ್ನಲ್ಲಿ."

ಅವರ ತುಟಿ ಅಲುಗಿತು. "ಬರೆದದ್ದರಲ್ಲಿ ತಪ್ಪು ಉಂಟಾ?"

"ಇಲ್ಲ ಸಾ. ಒಂದಕ್ಸರಾನೂ ತಪ್ಪಿಲ್ಲ."

ಅವರು ಕ್ಯಾನಿನ ಮುಚ್ಚಳವನ್ನು ತಾವೇ ಹಾಕಿ ನನ್ನ ಕೈಗೆ ಕೊಟ್ಟರು. "ತಪ್ಪು ನನ್ನ ಕಡೆಯಿಂದಲೂ ಉಂಟು. ಆವತ್ತು ಸಾಲಿನ ಎದುರಿಗೆ ನಿನಗೆ ಕೊಟ್ಟ ಮದ್ದು ಅಳತೆ ಮೀರಿತು. ಕಂಪೌಂಡರ್ ಆದವನು ಹಾಗೆ ಮಾಡಬಾರದಿತ್ತು" ಎಂದರು. ಹಾಲು ಎತ್ತಿಕೊಂಡು ಒಳಗೆ ಹೋದರು.

ನಿಂಗಿ ಮೈಸೂರಿಗೆ ಹೋದಳು, ದಾದಿಯಾದಳು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಎಂದು ಊರೂರು ಸುತ್ತಿ ಎಷ್ಟೋ ಹೆರಿಗೆ ಮಾಡಿಸಿದಳು. ಏಡಿಯನ್ನು ಅದೇ ಲಾರಿಯಲ್ಲಿ ಕಡಲಿಗೆ ವಾಪಸು ಕಳಿಸಿದರು. ತೊಟ್ಟಿಗೆ ಮತ್ತೆ ಸಿಹಿನೀರು ಬಂತು, ಗೆಂಡೆ ಮರಿಗಳೂ ಬಂದವು. ಅದನ್ನು ನೋಡಿಕೊಳ್ಳುವ ಕೆಲಸವನ್ನು ಕಂಪೌಂಡರ್ರು ಯಾರಿಗೆ ಕೊಟ್ಟರು ಎಂದರೆ, ನನಗೆ. ವರ್ಗವಾಗಿ ಹೋಗುವ ತನಕ ದಿನಕ್ಕೊಂದು ಶೀಷೆಯನ್ನು ನನ್ನ ಮುಂದೆ ಹಿಡಿದು ಚೀಟಿ ಓದಿಸಿದರು. ನಾನು ಓದು ಕಲಿತದ್ದು ಮದ್ದಿನ ಹೆಸರುಗಳಿಂದ. ಇವತ್ತು ಇಷ್ಟು ಬರೆಯಲು ಬಂದಿದ್ದರೆ ಅದು ಅವರು ಕೊಟ್ಟದ್ದು.

ಕಂಪೌಂಡರ್ರು ತನ್ನ ಮಾತನ್ನು ನಂಬಿ, ಆಮೇಲೆ ಮನಸ್ಸು ಕರಗಿ ಕಾಗದ ಬರೆದರು ಎಂದು ನಿಂಗಿ ಇಂದಿಗೂ ತಿಳಿದಿದ್ದಾಳೆ. ಸುದ್ದಿ ಬಂದ ದಿನವೂ "ನಾವಿಬ್ರೂ ಸುಳ್ಳು ಯೋಳಿದ್ವಲ್ಲಕ್ಕ ಆ ದ್ಯಾವರಂತೋರಿಗೆ" ಎಂದು ಅತ್ತಳು. ಆವತ್ತು ಅವಳ ಹಿಂದೆ ನಾನು ಬಾಯಿ ಮುಚ್ಚಿ ನಿಂತದ್ದನ್ನೇ ಅವಳು ನನ್ನ ಸುಳ್ಳೆಂದು ಎಣಿಸಿದ್ದಾಳೆ. ಅವಳು ಹೇಳಿದ ಸುಳ್ಳು ನನ್ನನ್ನು ಉಳಿಸಲು. ಮಾರನೆಯ ದಿನ ನಾನು ಹೇಳಿದ್ದೂ ನನ್ನನ್ನು ಉಳಿಸಿಕೊಳ್ಳಲು. ಇಬ್ಬರ ತಪ್ಪೂ ಒಂದೇ ಎಂದು ಅವಳು ತಿಳಿದಿರುವುದನ್ನು ಇನ್ನು ಹಾಗೆ ಬಿಡಲಾರೆ.

ಭಾನುವಾರ ಅವಳು ಬರುತ್ತಾಳೆ. ಎರಡು ಕಣ್ಣಿಗೂ ಈಚೆಗೆ ಆಪರೇಷನ್ ಆಗಿದೆ, ಓದಬಾರದು ಎಂದಿದ್ದಾರೆ. ಈ ಹಾಳೆಗಳನ್ನು ಅವಳೆದುರು ಕೂತು ನಾನೇ ಓದಿ ಹೇಳಬೇಕು.